ಜಿಲ್ಲೆ ಬಿಟ್ಟು ಹಳೆ ತಾಲೂಕು ಹಿಡಿದೆ, ಲೆಕ್ಕ ಕೂತಿತು

ಹಳೆ ರಾಯಚೂರು, ಹಳೆ ಬಳ್ಳಾರಿ. ಈ ಎರಡು ಜಿಲ್ಲೆಗಳ ದನ, ಕುರಿ, ಭತ್ತದಿಂದ ಏಳುವ, ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲದ ಲೆಕ್ಕವನ್ನು 1997ರಿಂದ ಈಚೆಗೆ ನಕ್ಷೆಯ ಒಂದೇ ಗೆರೆಯಲ್ಲಿ ತರುತ್ತೇನೆ ಅಂದಾಗ ನಂಬಿದವರು ಕಡಿಮೆ. "ಜಿಲ್ಲೆಗಳೇ ಒಡೆದು ಹೋಗ್ಯಾವು ಡಾಕ್ಟ್ರೇ, ಯಾವುದಕ್ಕ ಯಾವುದನ್ನ ಹೋಲಿಸ್ತೀರಿ?" ಅಂತ ಹಿರಿಯರೊಬ್ಬರು ಕೇಳಿದ್ದರು. ಐದು ವರ್ಷ ಹಿಡಿಯಿತು. ಈಗ ಗೆರೆ ಕೂತಿದೆ. ಅದೇ ಹಿರಿಯರು ಹೋದ ತಿಂಗಳು ಫೋನ್ ಮಾಡಿ ಫೈಲ್ ಕೇಳಿದರು.

ಅವರ ಪ್ರಶ್ನೆ ಸರಿಯಾಗೇ ಇತ್ತು. ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಎಮ್ಮೆ ಕಟ್ಟಿದ ಜಾಗದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗಿದೆ. ಜಿಲ್ಲೆ ಮೊತ್ತ ಹಿಡಿದು ಗೆರೆ ಎಳೆದರೆ ಒಂದು ಕಡೆ ದನ ದಿಢೀರ್ ಕಡಿಮೆ, ಇನ್ನೊಂದು ಕಡೆ ದಿಢೀರ್ ಜಾಸ್ತಿ. ನನ್ನ ಮೊದಲ ಎರಡು ವರ್ಷ ಹೋದದ್ದೇ ಹೀಗೆ.

ಆಮೇಲೆ ಜಿಲ್ಲೆ ಬಿಟ್ಟು, 1997ರ ತಾಲೂಕನ್ನೇ ಲೆಕ್ಕದ ಘಟಕ ಅಂತ ಇಟ್ಟುಕೊಂಡೆ. ಕಾರಟಗಿ, ಕನಕಗಿರಿಯನ್ನು ಗಂಗಾವತಿಗೆ ವಾಪಸ್ ಸೇರಿಸೋದು ಸುಲಭ. ಮಸ್ಕಿ ಮಾತ್ರ ಜೀವ ತಿಂತು. ಲಿಂಗಸುಗೂರು, ಸಿಂಧನೂರು, ಮಾನ್ವಿ ಮೂರರಿಂದಲೂ ಹಳ್ಳಿ ತೆಗೆದು ಮಾಡಿದ ತಾಲೂಕು ಅದು. ಅದನ್ನು ಹೇಗೆ ಬಿಡಿಸಿದೆ ಅನ್ನೋದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದಕ್ಕೇ ಎಂಟು ತಿಂಗಳು ಹೋಗಿದೆ.

ಎರಡನೇ ತಪ್ಪು ಗುಣಾಕಾರದ್ದು. ಹಾಲಿನ ದನಕ್ಕೆ ವರ್ಷಕ್ಕೆ 58 ಕೆಜಿ ಮೀಥೇನ್ ಅನ್ನೋ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) ಅಂಕಿಯನ್ನು ಕೊಟ್ಟಿಗೆಯ ಎಲ್ಲಾ ದನಕ್ಕೂ ಹಾಕಿಬಿಟ್ಟಿದ್ದೆ. ಕರುವಿಗೂ 58, ಎತ್ತಿಗೂ 58! ನಮ್ಮ ದೇಶದ್ದೇ ಪಟ್ಟಿ ಇದೆ, ಅದನ್ನೇ ಬಳಸಿ. ನೆನಪಿನಿಂದ ಹೇಳೋದಾದರೆ ಹಾಲು ಕೊಡುವ ಜವಾರಿ ಆಕಳಿಗೆ 28, ಮಿಶ್ರತಳಿಗೆ 43, ಜವಾರಿ ಎತ್ತಿಗೆ 32, ವರ್ಷದೊಳಗಿನ ಜವಾರಿ ಕರುವಿಗೆ 9, ಕುರಿ ಮೇಕೆಗೆ 4. ಜಾನುವಾರು ಗಣತಿ ಪುಸ್ತಕದಲ್ಲಿ ವಯಸ್ಸಿನ ಕಾಲಂ ಇದ್ದೇ ಇರುತ್ತೆ. ಟೈಪ್ ಮಾಡಿಸುವಾಗ ಅದನ್ನು ಬಿಡಬೇಡಿ. ನಾನು ಬಿಟ್ಟೆ, ಮತ್ತೆ ಮಾಡಿಸಿದೆ. ಇಬ್ಬರು ಹುಡುಗರಿಗೆ ಪುಟಕ್ಕೆ 12 ರೂಪಾಯಿಯಂತೆ ಎರಡು ಸಲ ಕೊಟ್ಟು ಹತ್ತಿರ ಹತ್ತಿರ 70 ಸಾವಿರ ಹೋಯಿತು.

ಕುರಿ ಲೆಕ್ಕ ಇನ್ನೊಂದು ಕಗ್ಗಂಟು. ಸಿರುಗುಪ್ಪದ ಹತ್ತಿರ ಕೊಯ್ದ ಗದ್ದೆಯಲ್ಲಿ ಹಿಂಡು ನಿಲ್ಲಿಸಿದ್ದ ಹಾಲುಮತದ ಯಜಮಾನರೊಬ್ಬರನ್ನು ಕೇಳಿದೆ, ಗಣತಿಯವರು ನಿಮ್ಮನ್ನು ಎಲ್ಲಿ ಬರೆದುಕೊಂಡರು ಅಂತ. "ಊರಾಗೂ ಬರ್ಕೊಂಡ್ರು, ಇಲ್ಲೂ ಬರ್ಕೊಂಡ್ರು ಸಾಹೇಬ್ರ" ಅಂದರು. ಅವತ್ತಿನಿಂದ ಕುರಿ ಅಂಕಿ ವಿಪರೀತ ಏರಿದ ತಾಲೂಕಿಗೆ ನಾನೇ ಹೋಗಿ ಕೇಳಿ ಬರುತ್ತೇನೆ.

ಇಷ್ಟೆಲ್ಲ ಯಾಕೆ ಅಂದರೆ ದನ ಕಡಿಮೆಯಾದವು, ಅನಿಲವೂ ಕಡಿಮೆಯಾಯಿತು ಅಂತ ಎಲ್ಲರೂ ಸುಮ್ನೆ ಹೇಳಿಬಿಡುತ್ತಾರೆ. ರಾಜ್ಯದ್ದೇ ನೋಡಿ. 2012ರಿಂದ 2019ಕ್ಕೆ ಎಮ್ಮೆ ಸುಮಾರು 35 ಲಕ್ಷದಿಂದ 30 ಲಕ್ಷಕ್ಕೆ ಇಳಿಯಿತು. ಅದೇ ಹೊತ್ತಿಗೆ ಕುರಿ 96 ಲಕ್ಷದಿಂದ 110 ಲಕ್ಷಕ್ಕೆ, ಮೇಕೆ 48 ಲಕ್ಷದಿಂದ 62 ಲಕ್ಷಕ್ಕೆ ಏರಿದವು. ಕರು, ಕೋಣ ಎಲ್ಲ ಸೇರಿ ಎಮ್ಮೆಗೆ ಸರಾಸರಿ 35 ಕೆಜಿ ಹಿಡಿದರೆ ಕಡಿಮೆಯಾದದ್ದು ಸುಮಾರು 17 ಸಾವಿರ ಟನ್. ಕುರಿ ಮೇಕೆಯಿಂದ ಸೇರಿದ್ದು 11 ಸಾವಿರ ಟನ್. ಮುಕ್ಕಾಲು ಅಲ್ಲದಿದ್ದರೂ ಅರ್ಧಕ್ಕಿಂತ ಜಾಸ್ತಿ ಅಲ್ಲೇ ವಾಪಸ್ ಬಂತು ಅಲ್ವಾ? ಟ್ರ್ಯಾಕ್ಟರ್ ಬಂದು ಎತ್ತು ಹೋದ ಕೊಟ್ಟಿಗೆಗೆ ಮಿಶ್ರತಳಿ ಹಸು ಬಂದರೂ ಹೀಗೇ. ತಲೆ ಎರಡರಿಂದ ಒಂದಕ್ಕೆ ಇಳಿಯುತ್ತೆ, ಅನಿಲ 64ರಿಂದ 43ಕ್ಕಷ್ಟೇ.

ಭತ್ತದ್ದು ನೀರಿನ ಲೆಕ್ಕ, ನೀರು ನಿಂತ ಕೆಸರಿನಲ್ಲೇ ಮೀಥೇನ್ ಹುಟ್ಟೋದು. ಸದಾ ನೀರು ನಿಂತ ಗದ್ದೆಗೆ ಹೆಕ್ಟೇರಿಗೆ 162 ಕೆಜಿ, ನಡುವೆ ಒಂದು ಸಲ ಒಣಗಿದರೆ 66, ಹಲವು ಸಲ ಒಣಗಿದರೆ 18. ಲಕ್ಷ ಹೆಕ್ಟೇರಿಗೆ 16,200 ಟನ್ನೋ 1,800 ಟನ್ನೋ ಅನ್ನೋದು ಗದ್ದೆ ಒಣಗಿತೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ. ಕಾಲುವೆ ಕೊನೆ ಭಾಗದ ರೈತರಿಗೆ ನೀರು ಬರೋದೇ ಬಿಟ್ಟು ಬಿಟ್ಟು. ಅವರ ಗದ್ದೆಗೂ 162 ಹಾಕೋದು ಅನ್ಯಾಯ. ಹಿಂದೆ ಹೊರದೇಶದವರು ಭಾರತದ ಭತ್ತಕ್ಕೆ ವರ್ಷಕ್ಕೆ 3.7 ಕೋಟಿ ಟನ್ನಿಗೂ ಜಾಸ್ತಿ ಕಟ್ಟಿದ್ದರು. 1991ರಲ್ಲಿ ನಮ್ಮ ವಿಜ್ಞಾನಿ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ಗದ್ದೆಗಿಳಿದು ಅಳೆದಾಗ ಬಂದದ್ದು 40 ಲಕ್ಷ ಟನ್ ಆಸುಪಾಸು. ಕೂತಲ್ಲೇ ಹಾಕಿದ ಅಂಕಿ ನಮ್ಮ ರೈತರ ತಲೆಗೆ ಎಷ್ಟು ಭಾರ ಹೊರಿಸುತ್ತೆ ನೋಡಿ.

ಅದಕ್ಕೇ ನಾನೂ ಅಳೆಯಲು ಹೊರಟೆ. ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ, ಗೆಳೆಯನ ಗದ್ದೆಯಲ್ಲಿ ಕವುಚಿ, ಸಿರಿಂಜಿನಲ್ಲಿ ಗಾಳಿ ಎಳೆದು ಲ್ಯಾಬಿಗೆ ಕಳಿಸಿದೆ. ಮಾದರಿಗೆ 400 ರೂಪಾಯಿಯಂತೆ ಮೊದಲ 40 ಮಾದರಿ ಪೂರ್ತಿ ದಂಡ. ಪೆಟ್ಟಿಗೆ ಪಕ್ಕ ನಾನು ಕಾಲಿಟ್ಟಾಗಲೆಲ್ಲ ಕೆಸರಿನಿಂದ ಬುಳುಬುಳು ಗುಳ್ಳೆ ಏಳುತ್ತಿತ್ತು. ಅಳೆದದ್ದು ಗದ್ದೆಯ ಅನಿಲ ಅಲ್ಲ, ನನ್ನ ಕಾಲು ಎಬ್ಬಿಸಿದ ಅನಿಲ. ಬದುವಿನಿಂದ ಹಲಗೆ ಹಾಸಿ, ಎರಡು ದಿನ ಹಾಗೇ ಬಿಟ್ಟು, ಹಲಗೆ ಮೇಲೆ ಕೂತು ಎಳೆದ ಮೇಲೆ ಅಂಕಿ ತಹಬಂದಿಗೆ ಬಂತು. ಒಂದು ಗದ್ದೆಯ ಅಂಕಿಯನ್ನು ಇಡೀ ಸೀಮೆಗೆ ಹಚ್ಚಲು ಬರಲ್ಲ. ಆದರೆ ಒಣಗಿಸಿದ ವಾರ ಇಳಿಯೋದನ್ನು ಕಣ್ಣಾರೆ ಕಂಡೆ. ಕಾಲುವೆ ಬಂದ್ ಆದ ದಿನಗಳನ್ನು ಗೆರೆಗೆ ಜೋಡಿಸುವ ಧೈರ್ಯ ಬಂದದ್ದು ಅಲ್ಲಿಂದ. 2023-24ರಲ್ಲಿ ಎರಡನೇ ಬೆಳೆಗೆ ನೀರಿಲ್ಲದಾಗ ನನ್ನ ಗೆರೆ ಕುಸಿಯುತ್ತೆ. ಅದನ್ನು ಇಳಿಕೆ ಅಂತ ಎಣಿಸಬೇಡಿ, ಅದು ಬರ. ಆ ವರ್ಷವನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿದ್ದೇನೆ.

ಒಟ್ಟು ಖರ್ಚು ಒಂದೂಮುಕ್ಕಾಲು ಲಕ್ಷದ ಹತ್ತಿರ, ಎಲ್ಲಾ ಪಿಂಚಣಿ ದುಡ್ಡು. 21ನೇ ಜಾನುವಾರು ಗಣತಿಯ ತಾಲೂಕು ಅಂಕಿ ಕೈಗೆ ಸಿಕ್ಕ ದಿನ ಮೊದಲು ತುಂಬೋದು ಹರಪನಹಳ್ಳಿಯ ಸಾಲು. ಅದರ ಜಾಗ ಖಾಲಿ ಬಿಟ್ಟು ಇಟ್ಟಿದ್ದೇನೆ.