ಆರು ಪೋಕೆಮಾನ್, ಒಂದೇ ಟೀಮ್: ಜೋಡಿಸುವುದು ಹೇಗೆ?

ಪೋಕೆಮಾನ್ ಎಂಬ ಜೀವಿಗಳನ್ನು ಹಿಡಿದು ಕಾದಾಡಿಸುವ ವಿಡಿಯೋ ಗೇಮ್‌ನಲ್ಲಿ ಒಂದು ಸಲಕ್ಕೆ ಜೊತೆಗೆ ಕರೆದೊಯ್ಯಲು ಆಗುವುದು ಆರನ್ನು ಮಾತ್ರ. ಒಂದೊಂದಕ್ಕೂ ನಾಲ್ಕೇ ಮೂವ್, ಅಂದರೆ ಹೊಡೆತ ಅಥವಾ ತಂತ್ರ. 1996ರಲ್ಲಿ ಜಪಾನಿನಲ್ಲಿ ಮೊದಲ ಆಟ ಬಂದಾಗಿನಿಂದ ಮುಖ್ಯ ಸರಣಿಯಲ್ಲಿ ಈ ಲೆಕ್ಕ ಹಾಗೇ ಇದೆ. ಹೊಸದಾಗಿ ಆಡುವವರು ಸಾಮಾನ್ಯವಾಗಿ ಜೋರಾಗಿ ಹೊಡೆಯುವ ಆರನ್ನು ಸೇರಿಸಿಕೊಳ್ಳುತ್ತಾರೆ. ಆಮೇಲೆ ಎದುರಾಳಿಯ ಒಂದೇ ಪೋಕೆಮಾನ್ ಮೂರನ್ನು ಸಾಲಾಗಿ ಮಲಗಿಸಿಬಿಡುತ್ತದೆ. ಒಂದರ ಮೇಲೆ ಬರುವ ಪೆಟ್ಟನ್ನು ಇನ್ನೊಂದು ಬಂದು ತಡೆದುಕೊಳ್ಳಬೇಕು. ಹಾಗಿದ್ದರೆ ಮಾತ್ರ ಅದು ಟೀಮ್.

ಮೊದಲು ನಿಮಗೆ ತುಂಬಾ ಇಷ್ಟವಾದ ಒಂದನ್ನು ಆರಿಸಿ. ಇದರಲ್ಲಿ ಲೆಕ್ಕಾಚಾರ ಬೇಡ, ಇಷ್ಟವಿಲ್ಲದ ಟೀಮನ್ನು ಯಾರೂ ಜಾಸ್ತಿ ದಿನ ಆಡುವುದಿಲ್ಲ. ಚಾರಿಜಾರ್ಡ್ ಅಂದುಕೊಳ್ಳೋಣ. ಅದು ಫೈರ್ ಮತ್ತು ಫ್ಲೈಯಿಂಗ್ ಟೈಪ್. ಟೈಪ್ ಅಂದರೆ ಪೋಕೆಮಾನ್ ಮತ್ತು ಮೂವ್‌ಗಳ ಜಾತಿ, ಯಾರಿಗೆ ಎಷ್ಟು ಪೆಟ್ಟು ಎಂಬುದು ಅದರಿಂದಲೇ ತೀರ್ಮಾನ. ಯಾವುದಕ್ಕೆ ಹೆದರುತ್ತದೆ ಎಂದು ಬರೆದುಕೊಳ್ಳಿ: ವಾಟರ್ ಮತ್ತು ಎಲೆಕ್ಟ್ರಿಕ್‌ನಿಂದ ಎರಡು ಪಟ್ಟು ಪೆಟ್ಟು, ರಾಕ್‌ನಿಂದ ನಾಲ್ಕು ಪಟ್ಟು. ಅದರ ಎರಡೂ ಟೈಪಿಗೆ ರಾಕ್ ಆಗಿಬರುವುದಿಲ್ಲ, ಅದಕ್ಕೇ ನಾಲ್ಕು.

ಈಗ ಜೊತೆಗಾರನನ್ನು ಹುಡುಕಿ. ವಾಟರ್, ಗ್ರೌಂಡ್ ಟೈಪಿನ ಸ್ವಾಂಪರ್ಟ್‌ಗೆ ಎಲೆಕ್ಟ್ರಿಕ್ ಮೂವ್ ತಾಗುವುದೇ ಇಲ್ಲ. ರಾಕ್ ಅರ್ಧ ಮಾತ್ರ. ಅದಕ್ಕಿರುವ ಒಂದೇ ಭಯ ಗ್ರಾಸ್, ಅದೂ ನಾಲ್ಕು ಪಟ್ಟು. ಆದರೆ ಚಾರಿಜಾರ್ಡ್‌ಗೆ ಗ್ರಾಸ್ ಕಾಲು ಭಾಗವಷ್ಟೇ ತಾಗುತ್ತದೆ. ಪೋಕೆಮಾನ್ ಬದಲಿಸಿದರೆ ಒಂದು ಸರದಿ ಹೋಗುತ್ತದೆ, ಬಂದವನೇ ಪೆಟ್ಟು ತಿನ್ನಬೇಕು. ಹಾಗಾಗಿ ಇಂಥ ಜೋಡಿ ತುಂಬಾ ಮುಖ್ಯ.

ವಾಟರ್ ಇನ್ನೂ ಉಳಿಯಿತು, ಅಲ್ವಾ? ಗ್ರಾಸ್, ಸ್ಟೀಲ್ ಟೈಪಿನ ಫೆರೋಥಾರ್ನ್ ಅದನ್ನು ಅರ್ಧಕ್ಕೆ ಇಳಿಸುತ್ತದೆ. ಅದರ ಭಯ ಫೈರ್ ಮತ್ತು ಫೈಟಿಂಗ್. ಎರಡನ್ನೂ ಚಾರಿಜಾರ್ಡ್ ಅರ್ಧ ಪೆಟ್ಟಿಗೆ ತಡೆಯುತ್ತದೆ. ಮೂರು ಕೂಡಿದವು. ಈ ಮೂರು ನಿಮ್ಮ ಆಟದಲ್ಲಿ ಸಿಗದಿದ್ದರೆ ಇದೇ ಕ್ರಮದಲ್ಲಿ ಬೇರೆ ಮೂರನ್ನು ಹುಡುಕಿ.

ಮುಂದಿನ ಕೆಲಸಕ್ಕೆ ತಾಳ್ಮೆ ಬೇಕು. ಒಟ್ಟು 18 ಟೈಪ್‌ಗಳನ್ನು ಸಾಲಾಗಿ ಬರೆಯಿರಿ. ಪ್ರತಿ ಟೈಪಿನ ಮುಂದೆ, ಅದನ್ನು ಅರ್ಧ ಅಥವಾ ಅದಕ್ಕಿಂತ ಕಡಿಮೆ ಪೆಟ್ಟಿಗೆ ತಡೆಯುವವರು ಯಾರು ಎಂದು ಗುರುತು ಹಾಕಿ. ಯಾವ ಟೈಪ್ ಯಾವುದಕ್ಕೆ ಎಷ್ಟು ತಾಗುತ್ತದೆ ಎಂದು ತೋರಿಸುವ ಚಾರ್ಟ್ ಇದೆ, 2013ರಲ್ಲಿ ಫೇರಿ ಟೈಪ್ ಸೇರಿದ ನಂತರದ್ದನ್ನೇ ನೋಡಿ. ಹಳೆಯ ಚಾರ್ಟಿನಲ್ಲಿ ಸ್ಟೀಲ್ ಟೈಪ್ ಘೋಸ್ಟ್, ಡಾರ್ಕ್ ಎರಡನ್ನೂ ತಡೆಯುತ್ತಿತ್ತು, ಈಗ ಇಲ್ಲ. ನಮ್ಮ ಮೂವರ ಪಟ್ಟಿಯಲ್ಲಿ ಐಸ್, ಘೋಸ್ಟ್, ಡಾರ್ಕ್‌ಗಳಿಗೂ ಗುರುತಿಲ್ಲ, ಫ್ಲೈಯಿಂಗ್‌ಗೂ ಇಲ್ಲ. ಡಾರ್ಕ್, ಐಸ್ ಟೈಪಿನ ವೀವೈಲ್ ಸೇರಿಸಿದರೆ ಮೊದಲ ಮೂರೂ ತುಂಬುತ್ತವೆ. ಜೊತೆಗೆ ಅದು ಬಲು ಚುರುಕು.

ಫ್ಲೈಯಿಂಗ್ ತಡೆಯಲು ಎಲೆಕ್ಟ್ರಿಕ್ ಆಗುತ್ತದೆ. ಎಲೆಕ್ಟ್ರಿಕ್, ಸ್ಟೀಲ್ ಟೈಪಿನ ಮ್ಯಾಗ್ನೆಜೋನ್ ಕಡೆ ಮನಸ್ಸು ಹೋಗುವುದು ಸಹಜ. ಸ್ವಲ್ಪ ತಡೆಯಿರಿ. ಫೆರೋಥಾರ್ನ್, ವೀವೈಲ್ ಇಬ್ಬರಿಗೂ ಫೈರ್ ಮತ್ತು ಫೈಟಿಂಗ್ ಭಯ ಈಗಾಗಲೇ ಇದೆ. ಮ್ಯಾಗ್ನೆಜೋನ್ ಬಂದರೆ ಮೂವರಾಗುತ್ತಾರೆ. ಒಂದೇ ಟೈಪಿಗೆ ಹೆದರುವವರು ಇಬ್ಬರಿಗಿಂತ ಜಾಸ್ತಿ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಜೋಲ್ಟಿಯಾನ್ ಸಾಕು. ಅದಕ್ಕೆ ಗ್ರೌಂಡ್ ಒಂದೇ ಭಯ, ಗ್ರೌಂಡ್ ಮೂವ್ ಚಾರಿಜಾರ್ಡ್‌ಗೆ ತಾಗುವುದೇ ಇಲ್ಲ.

ಆರನೆಯದು ಉಳಿದವರಿಗೆ ಆಸರೆಯಾಗಲಿ. ಬ್ಲಿಸ್ಸಿಯ ಮೂಲ ಎಚ್‌ಪಿ (ಪೆಟ್ಟು ತಾಳುವ ಜೀವಬಲ) 255, ನೋಡಿದರೆ ಆಸೆಯಾಗುತ್ತದೆ. ಆದರೆ ಅದಕ್ಕೂ ಫೈಟಿಂಗ್ ಭಯ. ಕ್ಲೆಫೇಬಲ್ ಫೇರಿ ಟೈಪ್, ಫೈಟಿಂಗ್ ಪೆಟ್ಟನ್ನು ಅರ್ಧ ಮಾಡುತ್ತದೆ. ಮೂನ್‌ಲೈಟ್‌ನಿಂದ ತಾನು ಚೇತರಿಸಿಕೊಳ್ಳುತ್ತದೆ, ವಿಶ್ ಮೂವ್ ಕಲಿಸಿದರೆ ಬೇರೆಯವರಿಗೂ ಎಚ್‌ಪಿ ತುಂಬುತ್ತದೆ.

ಹೊಡೆತಗಳ ಬಗೆಯನ್ನೂ ಒಮ್ಮೆ ನೋಡಿ. ಫಿಸಿಕಲ್ ಹೊಡೆತವನ್ನು ಡಿಫೆನ್ಸ್ ತಡೆಯುತ್ತದೆ, ಸ್ಪೆಷಲ್ ಹೊಡೆತವನ್ನು ಸ್ಪೆಷಲ್ ಡಿಫೆನ್ಸ್. ಸ್ವಾಂಪರ್ಟ್, ವೀವೈಲ್ ಫಿಸಿಕಲ್ ಕಡೆ. ಚಾರಿಜಾರ್ಡ್, ಜೋಲ್ಟಿಯಾನ್ ಸ್ಪೆಷಲ್ ಕಡೆ. ಎಲ್ಲರೂ ಫಿಸಿಕಲ್ ಆಗಿದ್ದರೆ ಗಟ್ಟಿ ಡಿಫೆನ್ಸ್ ಇರುವ ಒಬ್ಬ ಎದುರಾಳಿ ಸಾಕು, ಆಟ ನಿಂತೇ ಹೋಗುತ್ತದೆ.

ಮೂವ್ ಆರಿಸುವಾಗ ಸ್ವಂತ ಟೈಪಿನದು ಒಂದಾದರೂ ಇರಲಿ, ಅದಕ್ಕೆ ಒಂದೂವರೆ ಪಟ್ಟು ಬಲ ಸಿಗುತ್ತದೆ. ಫೈರ್ ಬ್ಲಾಸ್ಟ್‌ನ ಬಲ 110, ಗುರಿ (ತಾಗುವ ಸಾಧ್ಯತೆ, ನೂರಕ್ಕೆ) 85. ಫ್ಲೇಮ್‌ಥ್ರೋವರ್‌ನ ಬಲ 90, ಗುರಿ 100. ನಾನಾದರೆ ಎರಡನೆಯದನ್ನೇ ಕೊಡುತ್ತೇನೆ.

ಈ ಟೀಮಿಗೆ ಒಂದು ಅಪಾಯ ಇದೆ. ಎದುರಾಳಿ ಸ್ಟೆಲ್ತ್ ರಾಕ್ (ಒಳಗೆ ಬರುವವರಿಗೆ ತಾಗುವ ಕಲ್ಲಿನ ಬಲೆಯ ಮೂವ್) ಹಾಕಿದರೆ ಚಾರಿಜಾರ್ಡ್ ಒಳಗೆ ಬಂದ ಕೂಡಲೇ ಅರ್ಧ ಎಚ್‌ಪಿ ಹೋಗುತ್ತದೆ. ಪದೇ ಪದೇ ಬಂದು ಹೋಗಬೇಕಾದವನಿಗೆ ಇದು ದೊಡ್ಡ ಹೊಡೆತ. 2019ರ ಸ್ವೋರ್ಡ್, ಶೀಲ್ಡ್ ಆಟಗಳಲ್ಲಿ ಬಂದ, ಇಂಥ ಬಲೆಯಿಂದ ಕಾಪಾಡುವ ಹೆವಿ ಡ್ಯೂಟಿ ಬೂಟ್ಸ್ ಎಂಬ ವಸ್ತು ನಿಮ್ಮ ಆಟದಲ್ಲಿದ್ದರೆ ಚಾರಿಜಾರ್ಡ್‌ಗೆ ಅದನ್ನೇ ಕೊಡಿ.

ಇನ್ನು ಆಡಿ ನೋಡಿ. ಪ್ರತಿ ಪಂದ್ಯ ಮುಗಿದ ಮೇಲೆ ಯಾರನ್ನು ಕಣಕ್ಕೆ ಇಳಿಸಲೇ ಇಲ್ಲ ಎಂದು ಬರೆದಿಡಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಆ ಜಾಗಕ್ಕೆ ಬೇರೆಯದನ್ನು ತನ್ನಿ, 18 ಟೈಪಿನ ಪಟ್ಟಿಗೆ ಹೊಸದಾಗಿ ಗುರುತು ಹಾಕಿ.