ತಿರುಗದ ಚೆಂಡಿನಲ್ಲಿ ನನ್ನ ಮೊದಲ ಶಟ್‌ಔಟ್

ಕಳೆದ ಆಗಸ್ಟ್‌ನ ಒಂದು ಭಾನುವಾರ, ನ್ಯೂಜೆರ್ಸಿಯ ನಮ್ಮ ಮೂವತ್ತೈದು ದಾಟಿದವರ ಬೇಸ್‌ಬಾಲ್ ಲೀಗಿನಲ್ಲಿ ಏಳೂ ಇನ್ನಿಂಗ್ಸ್ ನಾನೊಬ್ಬನೇ ಎಸೆದು ಎದುರಾಳಿಗಳನ್ನು ಸೊನ್ನೆಗೆ ಕಟ್ಟಿಹಾಕಿದೆ. 3–0. ಹತ್ತರಲ್ಲಿ ಒಂಬತ್ತು ಎಸೆತ ನಕಲ್‌ಬಾಲ್, ಅಂದರೆ ಉಗುರಿನ ತುದಿಯಲ್ಲಿ ಹಿಡಿದು ತಿರುಗದಂತೆ ಬಿಡುವ, ಗಾಳಿಯಲ್ಲಿ ನಡುಗುತ್ತಾ ಹೋಗುವ ನಿಧಾನದ ಚೆಂಡು. ಅದು ಸರ್ಕಸ್ಸು, ಪಿಚಿಂಗ್ ಅಲ್ಲ ಎಂದು ಮೂರು ವರ್ಷ ನಕ್ಕವರು ಓದಲಿ ಎಂದೇ ಬರೆಯುತ್ತಿದ್ದೇನೆ. ಅವರಲ್ಲಿ ಅರ್ಧ ಜನ ನಮ್ಮ ತಂಡದವರೇ.

ಮೈಸೂರಿನಲ್ಲಿ ಕ್ರಿಕೆಟ್ ಆಡುವಾಗ ನಾನು ಲೆಗ್‌ಸ್ಪಿನ್ನರ್. ಚೆಂಡು ತಿರುಗಿಸುವುದೇ ಕಸುಬಾಗಿದ್ದವನಿಗೆ ತಿರುಗದಂತೆ ಬಿಡುವುದು ಹಿಂಸೆ. ಮೊದಲ ವರ್ಷವೆಲ್ಲ ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಾನಾಗಿಯೇ ಹೊರಳುತ್ತಿತ್ತು. ಗಂಟೆಗೆ 55 ಮೈಲಿಯಲ್ಲಿ ತಿರುಗುತ್ತಾ ಹೋಗುವ ನಕಲ್‌ಬಾಲ್ ಎಂದರೆ ಬ್ಯಾಟರನಿಗೆ ಎಲೆಯ ಮೇಲೆ ಬಡಿಸಿದ ಹೋಳಿಗೆ. ಒಂದು ಪಂದ್ಯದಲ್ಲಿ ಎರಡನೆಯ ಇನ್ನಿಂಗ್ಸ್ ಮುಗಿಯುವ ಮೊದಲೇ ಹನ್ನೊಂದೋ ಹನ್ನೆರಡೋ ರನ್ ಬಡಿಸಿ ಬಂದೆ.

ದುಡ್ಡಿನ ಲೆಕ್ಕ ಹೇಳಿದರೆ ಮನೆಯಲ್ಲಿ ಜಗಳ. ಚಳಿಗಾಲದಲ್ಲಿ ಒಳಾಂಗಣ ಬಲೆಯ ಬಾಡಿಗೆ ಸುಮಾರು 800 ಡಾಲರ್. ಒಬ್ಬ ತರಬೇತುದಾರ ಎರಡು ದಿನ ವಿಡಿಯೊ ತೋರಿಸಿ 300 ಪೀಕಿದ. ಒಂದೇ ಒಂದು ನಕಲ್‌ಬಾಲ್ ಎಸೆದು ತೋರಿಸಲಿಲ್ಲ. ಸಾರ್ಥಕವಾದದ್ದು ಬ್ಯಾಟರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರನಿಗೆಂದು ಕೊಂಡ ಸಾಫ್ಟ್‌ಬಾಲಿನ ದೊಡ್ಡ ಮಿಟ್ (ಕೈಗವಸು), 120ರ ಹತ್ತಿರ. ಅದು ಬರುವ ತನಕ ನನ್ನ ಒಳ್ಳೆಯ ಎಸೆತಗಳೆಲ್ಲ ಹಿಂದಿನ ಬೇಲಿಗೇ ಹೋಗುತ್ತಿದ್ದವು.

ನಿಜವಾಗಿ ಕಲಿಸಿದ್ದು ಗ್ಯಾರೇಜು. ಹಳೆಯ ಚೆಂಡಿನ ಸುತ್ತ ಕಪ್ಪು ಗೆರೆ ಎಳೆದು, ಗೋಡೆಗೆ ಹಾಸಿಗೆ ಒರಗಿಸಿ, ಮೊಬೈಲಿನಲ್ಲಿ ನಿಧಾನಗತಿಯ ಚಿತ್ರ ತೆಗೆದು ಗೆರೆ ಎಷ್ಟು ಸುತ್ತುತ್ತದೆಂದು ಎಣಿಸುತ್ತಿದ್ದೆ. ಪೂರ್ತಿ ಅಂತರಕ್ಕೆ ಒಂದು, ಒಂದೂವರೆ ಸುತ್ತಿಗೆ ಇಳಿದ ಮೇಲೆಯೇ ಚೆಂಡು ನಡುಗತೊಡಗಿತು. ಉಗುರಿಗೆ ಹೆಂಡತಿಯ ಬಣ್ಣವಿಲ್ಲದ ನೇಲ್ ಪಾಲಿಶ್, ಎರಡು ಪದರ. ಪಾತ್ರೆ ತೊಳೆಯುವುದರಿಂದ ವಿನಾಯಿತಿ ಸಿಕ್ಕಿದ್ದು ಬೋನಸ್. ಉಗುರನ್ನು ಯಾವ ಓರೆಯಲ್ಲಿ ತೀಡುತ್ತೇನೆ, ಹೆಬ್ಬೆರಳು ಎಲ್ಲಿರುತ್ತದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಮುಂದಿನ ವರ್ಷವೂ ಇದೇ ಲೀಗಿನಲ್ಲಿ ಆಡಬೇಕು.

ನಡುವೆ ಕ್ರಿಕೆಟ್ ಚೆಂಡಿನಲ್ಲೂ ಇದೇ ಹಿಡಿತ ನೋಡಿದೆ. ಹೊಲಿಗೆ ನಡುಪಟ್ಟಿಯಲ್ಲಷ್ಟೇ ಇರುವುದರಿಂದಲೋ ಏನೋ, ನನ್ನ ಕೈಯಲ್ಲಿ ಅದು ನಡುಗಲಿಲ್ಲ, ಸೋಮಾರಿಯಾಗಿ ಇಳಿಯಿತು, ಅಷ್ಟೆ. 2011ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್ ಅದನ್ನೇ ನಿಧಾನದ ಎಸೆತವಾಗಿ ದುಡಿಸಿಕೊಂಡರು. ಟೆನಿಸ್ ಚೆಂಡಂತೂ ಬರೀ ತಮಾಷೆ.

ಭುಜ ನೋಯುತ್ತದೆ, ಬಿಡೋಣ ಎನಿಸಿದಾಗ ಅಮೆರಿಕದ ವೃತ್ತಿಪರ ಪಿಚರ್ ಆರ್.ಎ. ಡಿಕಿಯನ್ನು ನೆನೆಯುತ್ತಿದ್ದೆ. ಅವರ ಬಲ ಮೊಣಕೈಯಲ್ಲಿ ಇರಬೇಕಾದ ಅಸ್ಥಿರಜ್ಜೇ ಇಲ್ಲವೆಂದು ತಿಳಿದ ತಂಡ, 8,10,000 ಡಾಲರ್ ಕೊಡುತ್ತೇವೆಂದಿದ್ದನ್ನು 75,000ಕ್ಕೆ ಇಳಿಸಿತು. ಆಮೇಲೆ ನಕಲ್‌ಬಾಲ್ ಹಿಡಿದು 2012ರಲ್ಲಿ ವರ್ಷದ ಅತ್ಯುತ್ತಮ ಪಿಚರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಮೈಸೂರಿನವನಿಗೆ ಇದೇನು ಹೊಸ ಕತೆಯೇ? ಪೋಲಿಯೊ ತಾಗಿದ ಕೈಯಲ್ಲೇ ನಮ್ಮ ಚಂದ್ರಶೇಖರ್ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತಿದ್ದರು.

ಆ ಭಾನುವಾರ ಗಾಳಿ ನನ್ನ ಮುಖಕ್ಕೇ ಬೀಸುತ್ತಿತ್ತು, ಬೇಕಾದದ್ದೂ ಅದೇ. ನೂರಹತ್ತರ ಹತ್ತಿರ ಎಸೆತ, ನಾಲ್ಕು ಹಿಟ್, ಐದಾರು ವಾಕ್ (ಗುರಿ ತಪ್ಪಿದ ಎಸೆತಗಳಿಂದ ಬ್ಯಾಟರನಿಗೆ ಪುಕ್ಕಟೆ ಸಿಗುವ ಮೊದಲ ಬೇಸ್). ಕೊನೆಯ ಇನ್ನಿಂಗ್ಸ್‌ನಲ್ಲಿ ಎರಡು ವಾಕ್ ಕೊಟ್ಟೆ, ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ಒಂದು ಚೆಂಡು ಕೈಬಿಟ್ಟ. ಮೂರೂ ಬೇಸಿನಲ್ಲಿ ಓಟಗಾರರು ತುಂಬಿದರು. ತಪ್ಪು ಫೀಲ್ಡರನದೇ ಇರಲಿ, ರನ್ ಬಂದರೆ ಶಟ್‌ಔಟ್ ಹೋಯಿತು. ಎರಡು ಔಟ್, ಎರಡು ಸ್ಟ್ರೈಕ್, ಇನ್ನೊಂದು ಸ್ಟ್ರೈಕ್ ಸಿಕ್ಕರೆ ಮುಗಿಯಿತು. ಮುಂದಿನ ಚೆಂಡು ಬ್ಯಾಟರನ ಮೊಣಕಾಲ ಬಳಿ ಧುತ್ತೆಂದು ಬಿತ್ತು. ಅವನು ಗಾಳಿಗೆ ಬೀಸಿದ. ದೊಡ್ಡ ಮಿಟ್ಟಿನಿಂದಲೂ ಚೆಂಡು ಜಾರಿತು! ಮೂರನೆಯ ಸ್ಟ್ರೈಕನ್ನು ಕ್ಯಾಚರ್ ಹಿಡಿಯದ ಕಾರಣ ಬ್ಯಾಟರ್ ಇನ್ನೂ ಔಟಾಗಿರಲಿಲ್ಲ, ಓಡಿದ; ಮೂರನೆಯ ಬೇಸಿನವನು ನುಗ್ಗಿ ಬಂದ. ಕ್ಯಾಚರ್ ಮಾತ್ರ ಎಲ್ಲಿಗೂ ಎಸೆಯದೆ, ಧೂಳಿನಿಂದ ಚೆಂಡು ಹೆಕ್ಕಿಕೊಂಡು ಹೋಮ್ ಪ್ಲೇಟ್ ಮೇಲೆ ಕಾಲಿಟ್ಟ. ಓಡಲೇಬೇಕಾಗಿದ್ದವನು ತಲುಪುವ ಮೊದಲೇ ಪ್ಲೇಟ್ ಮುಟ್ಟಿದ್ದರಿಂದ ಫೋರ್ಸ್ ಔಟ್, ಆಟ ಮುಗಿಯಿತು.

ಆಮೇಲೆ ಆ ಮಿಟ್ ತಂದು ನನ್ನ ಕೈಗೇ ಕೊಟ್ಟು, ಮುಂದಿನ ವಾರಕ್ಕೆ ಬೇರೆ ಕ್ಯಾಚರನನ್ನು ನೋಡಿಕೋ ಎಂದ.