ಮಾಡೆಲ್ ಎ ಕೂಪ್: ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿದ್ದು

ನನ್ನ ಕೂಪ್‌ನ (ಎರಡು ಬಾಗಿಲಿನ ಕಾರು) ದೇಹ 1931ರ ಫೋರ್ಡ್ ಮಾಡೆಲ್ ಎ ಕಾರಿನದು. ಎಂಜಿನ್ 1946–48ರ ಕಾಲದ ಫೋರ್ಡ್ ಫ್ಲಾಟ್‌ಹೆಡ್ ವಿ8 (V ಆಕಾರದಲ್ಲಿ ಎಂಟು ಸಿಲಿಂಡರ್, ಕವಾಟಗಳು ಬ್ಲಾಕಿನಲ್ಲೇ ಇರುವ ಎಂಜಿನ್), ಬ್ರೇಕುಗಳು 1940ರವು. ಇವನ್ನೆಲ್ಲ ಕೂಡಿಸಿ, ಕಂಬಗಳನ್ನು ಕತ್ತರಿಸಿ ಛಾವಣಿಯನ್ನು ಮೂರು ಅಂಗುಲ ತಗ್ಗಿಸಿ, ಯಾರೋ ಒಬ್ಬರು ದಶಕಗಳ ಹಿಂದೆಯೇ ಅದನ್ನು ಹಾಟ್ ರಾಡ್ ಮಾಡಿದ್ದರು. ನಾನು ಕೊಂಡಾಗ ಕಾರು ಓಡುತ್ತಿತ್ತು, ಆದರೆ ನೇರವಾಗಿ ಓಡುತ್ತಿರಲಿಲ್ಲ. ಗಂಟೆಗೆ 45 ಮೈಲಿ ದಾಟಿದರೆ ಮುಂದಿನ ಚಕ್ರಗಳು ನಡುಗುತ್ತಿದ್ದವು, ಏರು ಹತ್ತಿದರೆ ನೀರು ಕುದಿಯುತ್ತಿತ್ತು, ಎಡಬದಿಯ ಬಾಗಿಲು ಎಳೆದು ಬಡಿದರೂ ಕೂರುತ್ತಿರಲಿಲ್ಲ.

ಹಾಟ್ ರಾಡ್ ಪರಿಚಯವಿಲ್ಲದವರಿಗೆ ಎರಡು ಮಾತು. ನಾನಿರುವ ದಕ್ಷಿಣ ಕ್ಯಾಲಿಫೋರ್ನಿಯಾವೇ ಇದರ ತವರು. ಮಾಡೆಲ್ ಎ 1927ರ ಕೊನೆಯಿಂದ ಸುಮಾರು 48 ಲಕ್ಷದಷ್ಟು ತಯಾರಾಗಿ, ಕೆಲವೇ ವರ್ಷಗಳಲ್ಲಿ ಪುಡಿಗಾಸಿಗೆ ಸಿಗುವ ಕಾರಾಯಿತು. 1932ರಲ್ಲಿ ಫೋರ್ಡ್ ಜನಸಾಮಾನ್ಯರ ಕೈಗೆಟುಕುವ ವಿ8 ಎಂಜಿನ್ ತಂದಿತು. ಹಳೆಯ ಹಗುರ ದೇಹಕ್ಕೆ ಈ ಎಂಜಿನ್ ಕೂರಿಸಿ, ಮಡ್‌ಗಾರ್ಡ್ ಕಿತ್ತೆಸೆದು, ಮ್ಯುರಾಕ್ ಮತ್ತು ಎಲ್ ಮಿರಾಜ್‌ನ ಒಣಕೆರೆಗಳ ಬಯಲಿನಲ್ಲಿ ಹುಡುಗರು ವೇಗ ಅಳೆಯುತ್ತಿದ್ದರು. ಅವರ ಕ್ಲಬ್ಬುಗಳು 1937ರಲ್ಲಿ ಒಂದು ಒಕ್ಕೂಟವನ್ನೇ ಕಟ್ಟಿಕೊಂಡವು. ಎರಡನೇ ಮಹಾಯುದ್ಧದಿಂದ ಮರಳಿದ ತರುಣರು ಅಲ್ಲಿ ಕಲಿತ ಬೆಸುಗೆ, ಯಂತ್ರವಿದ್ಯೆಯನ್ನು ಇದಕ್ಕೆ ಧಾರೆಯೆರೆದರು. ಸಾಂಪ್ರದಾಯಿಕ ಹಾಟ್ ರಾಡ್ ಎಂದರೆ ಆ ಕಾಲದ ಬಿಡಿಭಾಗಗಳಿಂದ, ಆ ಕಾಲದ ರೀತಿಯಲ್ಲಿ ಕಟ್ಟಿದ್ದು.

ಹಾಗಾಗಿ ಇಂಥ ಕಾರನ್ನು ತಿದ್ದುವುದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವ ಕೆಲಸವಲ್ಲ. ಹಾಗೆ ಮಾಡಿದರೆ ಮೊದಲು ಕಟ್ಟಿದವರ ಕೈಗುರುತೇ ಅಳಿಸಿಹೋಗುತ್ತದೆ. ಆ ಮನುಷ್ಯ ಏನು ಕಟ್ಟಲು ಹೊರಟಿದ್ದರೋ ಅದನ್ನು ಸರಿಯಾಗಿ ಕಟ್ಟಿ ಮುಗಿಸುವುದು ನನ್ನ ಕೆಲಸ ಎಂದುಕೊಂಡೆ. 1952ನ್ನು ಗಡಿಯಾಗಿ ಇಟ್ಟುಕೊಂಡೆ. ಆ ವರ್ಷದಲ್ಲಿ ಒಬ್ಬ ಹುಡುಗ ಗುಜರಿ ಅಂಗಳದಲ್ಲಿ ಹುಡುಕಿ ತರಬಹುದಾಗಿದ್ದ ಭಾಗ ಮಾತ್ರ ಕಾರಿನಲ್ಲಿ ಉಳಿಯಬೇಕು. ಛಾವಣಿಯ ಎತ್ತರ, ಕಾರು ನಿಲ್ಲುವ ಭಂಗಿ, ಕೈಯಿಂದಲೇ ಮಾಡಿದ ಡ್ಯಾಶ್‌ಬೋರ್ಡ್ ಇವು ಮೂರನ್ನೂ ಮುಟ್ಟುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದೆ. ಮೊದಲ ನಿರ್ಮಾಪಕರಿಗೆ ಕಣ್ಣಿತ್ತು. ಕಾರಿನ ಅಡಿಯಲ್ಲಿ ಆಮೇಲೆ ಯಾರ್ಯಾರೋ ಕೈಯಾಡಿಸಿದ್ದರು.

ಅಡಿಯಿಂದಲೇ ಆರಂಭಿಸಿದೆ. ದೇಹವನ್ನು ಎತ್ತಿಟ್ಟು ಚಾಸಿಯನ್ನು, ಅಂದರೆ ಕಾರಿನ ಅಡಿಚೌಕಟ್ಟನ್ನು, ಕರ್ಣದಿಂದ ಕರ್ಣಕ್ಕೆ ಅಳೆದಾಗ ಎರಡು ಅಳತೆಗಳೂ ಬಹುತೇಕ ಸಮ ಬಂದವು. ಅದು ದೊಡ್ಡ ನೆಮ್ಮದಿ. ಆದರೆ ಮಾಡೆಲ್ ಎ ಚಾಸಿ 40 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್‌ಗಾಗಿ ಮಾಡಿದ ತೆಳುವಾದ ತೆರೆದ ತೊಲೆ. ವಿ8ರ ತಿರುಚುಬಲಕ್ಕೆ ಎಂಜಿನ್ ಆಸರೆಯ ಸುತ್ತ ಬಿರುಕು ಬಿಟ್ಟಿತ್ತು. ಬಿರುಕಿನ ತುದಿಗೆ ರಂಧ್ರ ಕೊರೆದು ಅದು ಮುಂದೆ ಓಡದಂತೆ ತಡೆದು, ಬೆಸೆದು, ಆ ಭಾಗದ ತೊಲೆಯ ತೆರೆದ ಬದಿಗೆ ಎಂಟನೇ ಒಂದು ಅಂಗುಲ ದಪ್ಪದ ತಗಡು ಮುಚ್ಚಿ ಪೆಟ್ಟಿಗೆಯಾಕಾರಕ್ಕೆ ತಂದೆ. ಒಂದೇ ಉಸಿರಿಗೆ ಉದ್ದಕ್ಕೂ ಬೆಸೆದರೆ ಶಾಖಕ್ಕೆ ತೊಲೆ ಬಾಗುತ್ತದೆ. ಗೇಣುಗೇಣು ಬಿಟ್ಟು, ಬದಿ ಬದಲಿಸುತ್ತ, ಪ್ರತಿ ಸಲ ಕರ್ಣ ಅಳೆಯುತ್ತ ಬೆಸೆಯಬೇಕು.

ಇಡೀ ಕಾರಿನ ರೋಗದ ಮೂಲ ಇದ್ದದ್ದು ಮುಂದಿನ ಆಕ್ಸಲ್‌ನಲ್ಲಿ. ಫೋರ್ಡ್ ವಿನ್ಯಾಸದಲ್ಲಿ ಆಕ್ಸಲ್‌ನ ಎರಡು ತುದಿಯಿಂದ ಹೊರಟ ಸರಳುಗಳು ಹಿಂದೆ ಕಾರಿನ ನಡುವಿನ ಒಂದೇ ಗುಂಡಿನ ಕೀಲಿನಲ್ಲಿ ಸೇರುತ್ತವೆ. ಇದೇ ವಿಶ್‌ಬೋನ್. ಒಂದು ಚಕ್ರ ಏರಿ ಇನ್ನೊಂದು ಇಳಿದರೂ ಆಕ್ಸಲ್ ಆ ಕೀಲಿನ ಸುತ್ತ ಸಲೀಸಾಗಿ ವಾಲುತ್ತದೆ. ಹಾಟ್ ರಾಡ್ ಕಟ್ಟುವವರು ಎಂಜಿನ್ ಅಡಿಗೆ ಜಾಗ ಬೇಕೆಂದು ವಿಶ್‌ಬೋನನ್ನು ಸೀಳಿ, ಎರಡು ಸರಳನ್ನೂ ಚಾಸಿಯ ಎರಡು ಬದಿಗೆ ಜೋಡಿಸುತ್ತಾರೆ. ಆಗ ಒಂದು ಚಕ್ರ ಏರಿದರೆ ಆಕ್ಸಲ್ ತಾನೇ ತಿರುಚಿಕೊಳ್ಳಬೇಕಾಗುತ್ತದೆ. ಫೋರ್ಡ್‌ನ ಬಡಿದು ಮಾಡಿದ ಐ-ಬೀಮ್ (ಅಡ್ಡ ಸೀಳಿದರೆ I ಅಕ್ಷರದಂತೆ ಕಾಣುವ) ಆಕ್ಸಲ್ ಹಾಗೆ ತುಸು ತಿರುಚಿಕೊಳ್ಳಬಲ್ಲದು. ಕೊಳವೆಯಾಕಾರದ ಆಕ್ಸಲ್ ಹಾಗೆ ಬಗ್ಗುವುದಿಲ್ಲ. ನನ್ನ ಕಾರಿನಲ್ಲಿ ಯಾರೋ ಸೀಳಿದ ವಿಶ್‌ಬೋನ್‌ಗೆ ಹೊಳೆಯುವ ಕೊಳವೆ ಆಕ್ಸಲ್ ಹಾಕಿದ್ದರು. ಬಗ್ಗದ ಆಕ್ಸಲ್ ತನ್ನ ಒತ್ತಡವನ್ನೆಲ್ಲ ಸರಳಿನ ಆಸರೆಗಳ ಮೇಲೆ ಹಾಕಿ ಎರಡೂ ಕಡೆ ಬೆಸುಗೆ ಬಿರಿದಿತ್ತು. ನೋಡಲು ಚೆಂದವೆಂಬ ಒಂದೇ ಕಾರಣಕ್ಕೆ ಜೀವಕ್ಕೆ ಎರವಾಗುವ ಭಾಗವನ್ನು ಕೂರಿಸುವುದನ್ನು ನಾನು ಕ್ಷಮಿಸಲಾರೆ. ನಾಲ್ಕು ಅಂಗುಲ ತಗ್ಗಿಸಿದ ಐ-ಬೀಮ್ ತಂದು ಹಾಕಿದೆ. 1952ರ ಹುಡುಗನೂ ಅದನ್ನೇ ಹಾಕಿರುತ್ತಿದ್ದ.

ನಡುಕಕ್ಕೆ ಇನ್ನೊಂದು ಕಾರಣ ಕ್ಯಾಸ್ಟರ್ ಕೋನ. ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಕಿಂಗ್‌ಪಿನ್ ಎಂಬ ಗೂಟದ ಸುತ್ತ. ಆ ಕಿಂಗ್‌ಪಿನ್‌ನ ತಲೆ ಎಷ್ಟು ಹಿಂದಕ್ಕೆ ವಾಲಿದೆ ಎಂಬುದರ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುವುದು ನಿಂತಿದೆ. ನನ್ನ ಕಾರಿನಲ್ಲಿ ಮುಂಭಾಗ ತಗ್ಗಿಸಿದಾಗ ಆ ಕೋನವನ್ನು ಯಾರೂ ಮತ್ತೆ ನೋಡಿರಲಿಲ್ಲ; ಎರಡು ಡಿಗ್ರಿಯೂ ಉಳಿದಿರಲಿಲ್ಲ. ಕಾರನ್ನು ಪೂರ್ತಿ ಭಾರದೊಂದಿಗೆ, ಓಡಿಸುವ ಚಕ್ರಗಳ ಮೇಲೆಯೇ ನಿಲ್ಲಿಸಿ ಆರು ಡಿಗ್ರಿಗೆ ತಂದೆ. ಎಂಜಿನ್ ಇಲ್ಲದ ಖಾಲಿ ಚಾಸಿಯಲ್ಲಿ ಅಳೆದ ಕೋನ ಕೆಲಸಕ್ಕೆ ಬಾರದು. ಕಿಂಗ್‌ಪಿನ್ ಮತ್ತು ಬುಶ್‌ಗಳನ್ನು ಹೊಸದು ಮಾಡಿಸಿದೆ.

ಎರಡು ಮುಂಚಕ್ರಗಳ ಸ್ಟಿಯರಿಂಗ್ ತೋಳುಗಳನ್ನು ಜೋಡಿಸುವ ಸರಳು, ಅಂದರೆ ಟೈ ರಾಡ್ ವಿಷಯದಲ್ಲೂ ಎಡವಟ್ಟಿತ್ತು. ಮೂಲದಲ್ಲಿ ಅದು ಆಕ್ಸಲ್ ಹಿಂದಿರುತ್ತದೆ. ಸ್ಟಿಯರಿಂಗ್ ತೋಳುಗಳು ಒಳಕ್ಕೆ ಬಾಗಿದ್ದು, ಕಿಂಗ್‌ಪಿನ್‌ನಿಂದ ತೋಳಿನ ತುದಿಗೆ ಎಳೆದ ಗೆರೆಗಳನ್ನು ಹಿಂದಕ್ಕೆ ಬೆಳೆಸಿದರೆ ಹೆಚ್ಚುಕಡಿಮೆ ಹಿಂದಿನ ಆಕ್ಸಲ್ ನಡುವೆ ಸೇರಬೇಕು. ಆಗ ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗುತ್ತದೆ. ವಿಶ್‌ಬೋನ್‌ಗೆ ತಗಲುತ್ತದೆಂದು ತೋಳುಗಳನ್ನು ಹಾಗೆಯೇ ಮುಂದಕ್ಕೆ ತಿರುಗಿಸಿ ಟೈ ರಾಡನ್ನು ಆಕ್ಸಲ್ ಮುಂದೆ ತಂದಿದ್ದರಿಂದ ಈ ಲೆಕ್ಕ ತಲೆಕೆಳಗಾಗಿ, ಪ್ರತಿ ತಿರುವಿನಲ್ಲೂ ಟೈರು ಉಜ್ಜಿಕೊಂಡು ಸವೆಯುತ್ತಿತ್ತು. ಕೆಳಕ್ಕೆ ಬಾಗಿದ ತೋಳುಗಳನ್ನು ಹಾಕಿ ಟೈ ರಾಡನ್ನು ಮತ್ತೆ ಹಿಂದಕ್ಕೆ, ವಿಶ್‌ಬೋನ್ ಅಡಿಗೆ ತಂದೆ. ಇಲ್ಲಿ ಒಂದು ಎಚ್ಚರ ಬೇಕು: ಟೈರಿನ ಗಾಳಿ ಹೋಗಿ ರಿಮ್ ನೆಲಕ್ಕೆ ತಾಗಿದರೂ ಯಾವ ಭಾಗವೂ ರಸ್ತೆಗೆ ಉಜ್ಜಬಾರದು.

ಎಂಜಿನ್ ಬಗ್ಗೆ. ಫ್ಲಾಟ್‌ಹೆಡ್‌ನ ಬಿಸಿ ಹೊಗೆ ಬ್ಲಾಕ್ ಒಳಗಿಂದಲೇ, ನೀರಿನ ಕೋಣೆಗಳ ನಡುವೆ ಹಾದು ಹೊರಬರುತ್ತದೆ. ಪ್ರತಿ ಬದಿಯ ನಡುವಿನ ಎರಡು ಸಿಲಿಂಡರುಗಳಿಗೆ ಸೇರಿ ಒಂದೇ ದ್ವಾರ. ಹಾಗಾಗಿ ನೀರು ಕಾಯುವುದು ಇದರ ಹುಟ್ಟುಗುಣ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬ್ಲಾಕ್ ಬಿಚ್ಚಿ ಕಾಸ್ಟಿಕ್ ತೊಟ್ಟಿಯಲ್ಲಿ ಬೇಯಿಸಿ, ತಂತಿಯಿಂದ ನೀರಿನ ಕೋಣೆ ಕೆದಕಿದಾಗ ತುಕ್ಕಿನ ಜೊತೆ ಎರಕ ಹೊಯ್ದ ದಿನದ ಮರಳೂ ಬಂತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ನೆರಳಲ್ಲಿ ಬೆಳೆದ ನನಗೆ ಆ ಕಪ್ಪು ಮರಳು ಹಳೆಯ ಪರಿಚಯ. ಕವಾಟದ ಪೀಠದಿಂದ ಸಿಲಿಂಡರಿನ ಕಡೆಗೆ ಬಿರುಕು ಬಿಡುವುದು ಈ ಬ್ಲಾಕುಗಳ ಸಾಮಾನ್ಯ ಕಾಯಿಲೆ. ಕಣ್ಣಿಗೆ ಕಾಣದ ಬಿರುಕನ್ನು ತೋರಿಸುವ ಕಾಂತಪುಡಿ ಪರೀಕ್ಷೆ ಮಾಡಿಸದೆ ಒಂದು ಡಾಲರನ್ನೂ ಬ್ಲಾಕಿಗೆ ಹಾಕಬಾರದು. ನನ್ನದು ಗಟ್ಟಿಯಿತ್ತು. ಸಿಲಿಂಡರನ್ನು 3 5/16 ಅಂಗುಲಕ್ಕೆ ಕೊರೆಸಿ, ಮರ್ಕ್ಯುರಿ ಕಾರಿನ ನಾಲ್ಕು ಅಂಗುಲ ಸ್ಟ್ರೋಕ್‌ನ (ಪಿಸ್ಟನ್ ಓಡುವ ದೂರ) ಕ್ರ್ಯಾಂಕ್ ಕೂರಿಸಿದೆ. 239 ಘನ ಅಂಗುಲದ ಎಂಜಿನ್ 276 ಆಯಿತು. ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬುರೇಟರುಗಳು. ನೀರಿನ ಪಂಪುಗಳೆರಡು, ಥರ್ಮೋಸ್ಟಾಟ್‌ಗಳೆರಡು, ರೇಡಿಯೇಟರ್ ಹೊಸದು. ವಿದ್ಯುತ್ ವ್ಯವಸ್ಥೆಯನ್ನು ಆರು ವೋಲ್ಟ್‌ನಲ್ಲೇ ಉಳಿಸಿದೆ. ಅದೇ ಶಕ್ತಿಗೆ ಎರಡು ಪಟ್ಟು ಕರೆಂಟ್ ಹರಿಯುವುದರಿಂದ ದಪ್ಪ ಕೇಬಲ್ ಹಾಕಿದರೆ ಸಾಕು, ತಕರಾರಿಲ್ಲ.

ದೇಹದ ಕೆಲಸ ನಾನು ಅತಿಯಾಗಿ ಪ್ರೀತಿಸಿದ್ದು. ಎಡಗಡೆಯ ಮುಂಗಂಬ ಬಲಗಡೆಯದಕ್ಕಿಂತ ಕಾಲು ಅಂಗುಲ ಎತ್ತರವಿತ್ತು, ಬಾಗಿಲು ಕೂರದಿದ್ದದ್ದು ಅದಕ್ಕೇ. ಬೆಸುಗೆಯ ಮೇಲೆ ಬೆರಳು ದಪ್ಪ ಪ್ಲಾಸ್ಟಿಕ್ ಲೇಪ ಬಳಿದಿದ್ದರು. ಆಯಸ್ಕಾಂತ ಅಲ್ಲಿ ಅಂಟಲೇ ಇಲ್ಲ. ಲೇಪ ಕೆರೆದು, ಕಂಬವನ್ನು ಮತ್ತೆ ಕತ್ತರಿಸಿ, ಬಾಗಿಲನ್ನು ಅದರ ಜಾಗದಲ್ಲಿ ಕೂರಿಸಿಯೇ ಬೆಸೆದೆ. ಸಂದನ್ನು ಸೀಸದಿಂದ ತುಂಬಿದೆ. ಶೇಕಡ 70 ಸೀಸ, 30 ತವರದ ಮಿಶ್ರಲೋಹ 183 ಡಿಗ್ರಿ ಸೆಲ್ಸಿಯಸ್‌ನಿಂದ ಸುಮಾರು 255ರವರೆಗೆ ಪೂರ್ತಿ ಕರಗದೆ, ಪೂರ್ತಿ ಗಟ್ಟಿಯಾಗದೆ, ಒಲೆಯ ಮೇಲಿನ ರಾಗಿ ಮುದ್ದೆಯ ಹದದಲ್ಲಿ ನಿಲ್ಲುತ್ತದೆ. ಮೃದುವಾದ ಜ್ವಾಲೆ ತೋರಿಸುತ್ತ, ಜೇನುಮೇಣ ಸವರಿದ ಮರದ ಹಲಗೆಯಿಂದ ಅದನ್ನು ಒತ್ತಿ ಹರಡಬೇಕು. ಮೊದಲು ತವರದ ತೆಳು ಪದರ ಹಿಡಿಸಿ, ಅದಕ್ಕೆ ಬಳಸಿದ ಆಮ್ಲದ ಶೇಷವನ್ನು ಅಡುಗೆ ಸೋಡಾ ನೀರಿನಿಂದ ತೊಳೆಯದಿದ್ದರೆ ಬಣ್ಣದ ಅಡಿಯಲ್ಲಿ ತುಕ್ಕು ಏಳುತ್ತದೆ. ಕೊನೆಗೆ ಅರದಿಂದಲೇ ಸವರಬೇಕು. ಯಂತ್ರದಲ್ಲಿ ಉಜ್ಜಿದರೆ ಸೀಸದ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಇದಕ್ಕಿಂತ ಸುಲಭದ ದಾರಿಗಳಿವೆ, ಗೊತ್ತು. ಆದರೆ ಈ ಛಾವಣಿಯನ್ನು ಮೊದಲು ಕತ್ತರಿಸಿದಾತ ಬಲಗಡೆ ಸೀಸವನ್ನೇ ಬಳಸಿದ್ದರು, ಅದು ಇಂದಿಗೂ ಬಿರಿದಿಲ್ಲ.

1952ರ ಗಡಿಯನ್ನು ನಾನು ಬೇಕೆಂದೇ ದಾಟಿದ್ದು ಒಂದೇ ಕಡೆ. ಫೋರ್ಡ್ 1939ರಲ್ಲಿ ಹೈಡ್ರಾಲಿಕ್ ಬ್ರೇಕ್ ತಂದಾಗ ಅದಕ್ಕೆ ಒಂದೇ ಮಾರ್ಗವಿತ್ತು. ಒಂದು ಕೊಳವೆ ಒಡೆದರೆ ನಾಲ್ಕು ಚಕ್ರಕ್ಕೂ ಬ್ರೇಕ್ ಇಲ್ಲ. ಚಕ್ರಗಳಲ್ಲಿ 1940ರ ಡ್ರಮ್ ಉಳಿಸಿಕೊಂಡು, ನೆಲಹಲಗೆಯ ಅಡಿಯಲ್ಲಿ ಕಣ್ಣಿಗೆ ಬೀಳದಂತೆ ಎರಡು ಮಾರ್ಗದ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಚಕ್ರಗಳತ್ತ ನೂಕುವ ಭಾಗ) ಹಾಕಿದೆ. ಶುದ್ಧಾಚಾರದ ಕೆಲವರು ಮುಖ ಸಿಂಡರಿಸಿದ್ದಾರೆ. ನನ್ನ ಮಕ್ಕಳು ಪಕ್ಕದ ಸೀಟಿನಲ್ಲಿ ಕೂರುವ ಕಾರು ಇದು.

ಈಗ ಕೂಪ್ ಕ್ಯಾಹೋನ್ ಕಣಿವೆಯ ಏರನ್ನು ಬೇಸಿಗೆಯ ಬೆಳಿಗ್ಗೆ ಹತ್ತಿ, ಎಲ್ ಮಿರಾಜ್‌ವರೆಗೆ ಹೋಗಿಬರುತ್ತದೆ. ಏರಿನ ನೆತ್ತಿಯಲ್ಲೂ ನೀರಿನ ಮುಳ್ಳು 90 ಡಿಗ್ರಿ ಮುಟ್ಟುವುದಿಲ್ಲ. 65 ಮೈಲಿಯಲ್ಲಿ ಸ್ಟಿಯರಿಂಗ್ ಮೇಲೆ ಎರಡು ಬೆರಳಿಟ್ಟರೆ ಸಾಕು. ಮೊದಲ ಐನೂರು ಮೈಲಿಯ ನಂತರ ಸಿಲಿಂಡರ್ ಹೆಡ್‌ಗಳನ್ನು ಮತ್ತೆ ಬಿಗಿದು, ವಿಶ್‌ಬೋನ್ ಆಸರೆಗಳನ್ನು ದೀಪ ಹಿಡಿದು ನೋಡಿದೆ: ಬಿರುಕಿಲ್ಲ. ಉಳಿದಿರುವುದು ಬಣ್ಣ. ಬೂದು ಪ್ರೈಮರ್ ಇನ್ನೊಂದು ಚಳಿಗಾಲ ಹಾಗೇ ಇರಲಿ. ಸೀಸ ತುಂಬಿದ ಸಂದುಗಳು ಬಿಸಿಲು ಚಳಿಗೆ ಹೇಗೆ ನಿಲ್ಲುತ್ತವೆ ಎಂದು ನೋಡಿಕೊಂಡೇ ಕಪ್ಪು ಬಣ್ಣ ಹೊಡೆಸುತ್ತೇನೆ.